ಶೀನಯ್ಯ ಬಾರದ ಮಳೆಗಾಲ

ಹೋದ ತಿಂಗಳು ಸಾಲಿಗ್ರಾಮದಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಅನ್ನಕ್ಕೆ ಮೊದಲು ಬಡಿಸಿದ್ದು ಒಂದೆಲಗದ ತಂಬುಳಿ. ಮಜ್ಜಿಗೆ, ತೆಂಗಿನಕಾಯಿ, ಕಾಳುಮೆಣಸು ಎಲ್ಲವನ್ನೂ ದಾಟಿ ಆ ಎಲೆಯ ಹಸಿ ವಾಸನೆ ಮೂಗಿಗೆ ಬಂತು. ಗದ್ದೆಯ ಅಂಚಿನಲ್ಲಿ ನಿಂತು ಹುಲ್ಲನ್ನು ಕೈಯಲ್ಲಿ ಹೊಸಕಿದಂಥ ವಾಸನೆ. ತುತ್ತು ಕಲಸಿದ ಕೈ ಹಾಗೇ ನಿಂತುಬಿಟ್ಟಿತು.

"ನೆನಪಿನ ಶಕ್ತಿಗೆ ಒಳ್ಳೇದ್, ಉಣ್ಣಿ ಟೀಚ್ರೆ," ಎಂದರು ಮನೆಯವರು.

ಉಂಡೆ. ಆದರೆ ಮನಸ್ಸು ಅಲ್ಲಿರಲಿಲ್ಲ. ನಾನು ಬೈಂದೂರಿನಲ್ಲಿದ್ದ ಒಂದು ಮಳೆಗಾಲದಲ್ಲಿ ಶನಿವಾರ ಬಂತೆಂದರೆ ಬ್ರಹ್ಮಾವರದ ಮನೆಯೊಂದರಲ್ಲಿ ಇದೇ ತಂಬುಳಿ ಉಣ್ಣುತ್ತಿದ್ದೆ. ಅದನ್ನು ಮಾಡುತ್ತಿದ್ದದ್ದು ನನಗಾಗಿ ಅಲ್ಲ. ಆ ಮನೆಯಲ್ಲಿ ಒಬ್ಬರ ನೆನಪು ದಿನದಿನಕ್ಕೆ ಕರಗುತ್ತಿತ್ತು.

ಆ ವರ್ಷ ಕುಂದಾಪುರದಿಂದ ಬೈಂದೂರಿನ ಆಚೆಯ ಒಂದು ಪ್ರೌಢಶಾಲೆಗೆ ನನಗೆ ವರ್ಗವಾಗಿತ್ತು. ಕನ್ನಡ ಪಾಠ ಮಾಡುವವಳು ನಾನು. ಮದುವೆಯಾಗಿಲ್ಲ. ಅಮ್ಮ ತೀರಿಕೊಂಡ ಮೇಲೆ ಕುಂದಾಪುರದ ಮನೆಯಲ್ಲಿ ನನ್ನ ಚಪ್ಪಲಿಯ ಸದ್ದು ನನಗೇ ಕೇಳಿಸಲು ಶುರುವಾಗಿತ್ತು. ಮನಸ್ಸು ಮಾಡಿದ್ದರೆ ದಿನಾ ಬಸ್ಸಿನಲ್ಲಿ ಹೋಗಿ ಬರಬಹುದಿತ್ತು. ಮಾಡಲಿಲ್ಲ. ಬೈಂದೂರಿನಲ್ಲೇ ಒಂದು ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದೆ. ಕೆಳಗೆ ಮನೆಯ ಯಜಮಾನಿ ಗುಲಾಬಕ್ಕ ಇದ್ದರು. ಅವರ ಗಂಡ ಗಂಗೊಳ್ಳಿಯ ಬೋಟುಗಳಲ್ಲಿ ಕಡಲಿಗೆ ಹೋಗುವವರು. ಮಳೆಗಾಲಕ್ಕೆ ಬೋಟು ನಿಂತಿದ್ದರಿಂದ ಮನೆಯ ಚಾವಡಿಯಲ್ಲೇ ಕೂತು ಬಲೆ ಸರಿಮಾಡುತ್ತಿದ್ದರು. ಶಾಲೆ ಬಿಟ್ಟು ಮೆಟ್ಟಿಲು ಹತ್ತಿದರೆ ಮರುದಿನ ಹಾಜರಿ ಕೂಗುವ ತನಕ ನನ್ನ ಗಂಟಲಿಗೆ ಕೆಲಸವಿರುತ್ತಿರಲಿಲ್ಲ. ಮಹಡಿಯ ತಗಡಿನ ಮೇಲೆ ಮಳೆ ಬೀಳುತ್ತಿತ್ತು. ಹೇಳಿ ಬಿಡುವ ಮಳೆಯಲ್ಲ ಅದು. ಹೇಳುತ್ತಲೇ ಇರುವ ಮಳೆ.

ಒಬ್ಬಳೇ ಎಂದು ಹೇಳಿದರೆ ಅದೂ ಪೂರ್ತಿ ನಿಜವಲ್ಲ. ನನ್ನ ಜೊತೆ ಶೀನಯ್ಯ ಇದ್ದ.

ಪಾತ್ರಗಳನ್ನು ಹೇಗೆ ಸೃಷ್ಟಿ ಮಾಡುತ್ತೀರಿ ಎಂದು ಕೆಲವರು ಕೇಳುತ್ತಾರೆ. ಸೃಷ್ಟಿ ಎಂಬ ಮಾತು ಕೇಳಿದರೆ ನನಗೆ ನಾಚಿಕೆಯಾಗುತ್ತದೆ. ಶೀನಯ್ಯ ನನಗೆ ಸಿಕ್ಕಿದ್ದು ಕುಂದಾಪುರದ ಬಸ್ ಸ್ಟ್ಯಾಂಡಿನಲ್ಲಿ. ವಯಸ್ಸಾದ ಒಬ್ಬ ಗಂಡಸು ಹಗ್ಗ ಕಟ್ಟಿದ ಸೂಟ್‌ಕೇಸನ್ನು ಕಾಲ ನಡುವೆ ಇಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದರು. ಹೆಮ್ಮಾಡಿ ಕಡೆಯ ಬಸ್ಸು ಬಂದಾಗಲೆಲ್ಲ ಅರ್ಧ ಏಳುತ್ತಿದ್ದರು. ಕಂಡಕ್ಟರ್ ಕೂಗಿ ಕೂಗಿ ಬಸ್ಸು ಹೊರಟ ಮೇಲೆ ಮತ್ತೆ ಕೂರುತ್ತಿದ್ದರು. ನನ್ನ ಬಸ್ಸು ಬಂತು, ನಾನು ಹೋದೆ. ಅವರು ಯಾರೋ, ಎಲ್ಲಿಗೆ ಹೊರಟಿದ್ದರೋ, ಇವತ್ತಿಗೂ ತಿಳಿಯದು. ಆ ಅರ್ಧ ಎದ್ದದ್ದು ಮಾತ್ರ ನನ್ನ ಜೊತೆ ಮನೆಗೆ ಬಂತು.

ಅದರಿಂದಲೇ ಉಳಿದದ್ದೆಲ್ಲ ಬಂತು. ಹುಡುಗನಾಗಿದ್ದಾಗ ಮುಂಬೈಗೆ ಹೋಗಿ ಹೋಟೆಲಿನಲ್ಲಿ ಲೋಟ ತೊಳೆದವ, ಆಮೇಲೆ ಅಡಿಗೆಯವನಾದವ. ತಾಯಿ ಸತ್ತಾಗ ಊರಿಗೆ ಬರಲಿಲ್ಲ. ತಂಗಿ ಪದ್ದು ಫೋನಿನಲ್ಲಿ, "ಇನ್ನ್ ನೀ ಬಪ್ಪುದೇ ಬ್ಯಾಡ," ಎಂದು ಇಟ್ಟುಬಿಟ್ಟಳು. ಈಗ ಕೈಯಲ್ಲಿ ಶಕ್ತಿ ಇಲ್ಲದಾಗ ಊರ ಕಡೆ ಬಂದಿದ್ದಾನೆ. ಕುಂದಾಪುರದ ಲಾಡ್ಜೊಂದರಲ್ಲಿ ರೂಮು ಹಿಡಿದಿದ್ದಾನೆ. ತಂಗಿಯ ಮನೆ ಒಂದು ಬಸ್ಸಿನಷ್ಟು ದೂರ. ದಿನಾ ಬಸ್ ಸ್ಟ್ಯಾಂಡಿಗೆ ಬರುತ್ತಾನೆ, ಕೂರುತ್ತಾನೆ, ಲಾಡ್ಜಿಗೆ ಮರಳುತ್ತಾನೆ. ಕಾದಂಬರಿಯ ಕೊನೆ ನನಗೆ ಮೊದಲೇ ಗೊತ್ತಿತ್ತು. ಅವನು ಆ ಲಾಡ್ಜಿನಲ್ಲೇ ಸಾಯುತ್ತಾನೆ, ಸುದ್ದಿ ಪದ್ದುವಿಗೆ ತಲುಪುತ್ತದೆ. ಆ ಕೊನೆಯ ಕಡೆಗೆ ನಾನು ಅವನನ್ನು ಮೆಲ್ಲಗೆ ನಡೆಸಿಕೊಂಡು ಹೋಗುತ್ತಿದ್ದೆ.

ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಬರೆಯುವುದು ನನ್ನ ರೂಢಿ. ಅವನು ಮಧ್ಯಾಹ್ನ ಏನು ಉಣ್ಣುತ್ತಾನೆ ಎಂದು ತಿಳಿಯದೆ ನನಗೆ ಒಂದು ಪುಟವೂ ಮುಂದೆ ಹೋಗುತ್ತಿರಲಿಲ್ಲ. ಆದ್ದರಿಂದ ಗಟ್ಟಿಯಾಗಿಯೇ ಕೇಳುತ್ತಿದ್ದೆ: "ಇವತ್ತೆಂತ ಶೀನಯ್ಯ, ಮೀನಾ, ಬರೀ ಸಾರಾ?" ಒಮ್ಮೆ ಅವನ ಬಾಯಲ್ಲಿ ಅಮ್ಮನನ್ನು ನೆನೆಸಿಕೊಳ್ಳುವ ಉದ್ದದ ಮಾತೊಂದನ್ನು ಬರೆದೆ. ಬರೆಯುವಾಗ ನನ್ನ ಕಣ್ಣೇ ತುಂಬಿತ್ತು. ಮರುದಿನ ಓದಿದರೆ ಅದು ಅವನ ಮಾತಾಗಿರಲಿಲ್ಲ, ನನ್ನ ಅಮ್ಮನ ಬಗ್ಗೆ ನಾನು ಆಡಬೇಕೆಂದಿದ್ದ ಮಾತಾಗಿತ್ತು. ಹೊಡೆದು ಹಾಕಿದೆ. ಅವನು ಆ ಜಾಗದಲ್ಲಿ ಚಹಾ ತರಿಸಿಕೊಂಡು ಕುಡಿದ, ಅಷ್ಟೇ. ಹಟಮಾರಿ. ಆದರೂ ಒದ್ದೆ ಕೊಡೆ ಹಿಡಿದು ಶಾಲೆಯಿಂದ ನಡೆದು ಬರುವಾಗ, ಮನೆಯಲ್ಲಿ ಅವನಿದ್ದಾನೆ ಎಂದುಕೊಂಡರೆ ಮೆಟ್ಟಿಲು ಹತ್ತಲು ಕಾಲು ಬರುತ್ತಿತ್ತು.

ಬರೆದದ್ದನ್ನು ಶನಿವಾರ ಬ್ರಹ್ಮಾವರಕ್ಕೆ ಒಯ್ದು ಲಲಿತಕ್ಕನಿಗೆ ಓದಿ ಹೇಳುತ್ತಿದ್ದೆ. ಲಲಿತಕ್ಕ ನಾನು ಓದಿದ ಕಾಲೇಜಿನಲ್ಲಿ ಲೈಬ್ರರಿಯನ್ ಆಗಿ ನಿವೃತ್ತರಾದವರು, ನನಗಿಂತ ಹಿರಿಯರು. ನನ್ನ ಮೊದಲ ಕತೆ ವಾರಪತ್ರಿಕೆಯಲ್ಲಿ ಬಂದಾಗ ಲೈಬ್ರರಿಯ ಕೌಂಟರಿನಲ್ಲೇ ನನ್ನನ್ನು ತಡೆದು ಕೇಳಿದ್ದರು: "ಈ ಕತಿ ಬರ್ದದ್ದ್ ನೀನಾ? ಚಂದ ಇತ್ತ್. ಕೊನೆ ಮಾತ್ರ ಸುಳ್ಳ್, ಮಾರಾಯ್ತಿ." ಅಂದಿನಿಂದ ಅವರಿಗೆ ಓದಿ ಹೇಳದೆ ನಾನು ಏನನ್ನೂ ಅಚ್ಚಿಗೆ ಕೊಟ್ಟಿಲ್ಲ. ಅವರು ಹೊಗಳುವವರಲ್ಲ. ಕಣ್ಣು ಮುಚ್ಚಿ ಕೇಳುತ್ತಿದ್ದರು. ಎಲ್ಲಿ ನಾನು ಸುಳ್ಳು ಬರೆದಿದ್ದೆನೋ ಅಲ್ಲಿ ಎದ್ದು, "ಒಲಿ ಮೇಲೆ ಹಾಲ್ ಇಟ್ಟಿದೆ" ಎಂದು ಒಳಗೆ ಹೋಗುತ್ತಿದ್ದರು. ಹಾಲು ಇರುತ್ತಿರಲಿಲ್ಲ. ನಾನು ಆ ಪುಟದ ಮೇಲೆ ಗೀಟು ಹಾಕಿಕೊಳ್ಳುತ್ತಿದ್ದೆ.

ಆ ಮಳೆಗಾಲದ ಶುರುವಿಗೇ ಅವರಲ್ಲಿ ಏನೋ ವ್ಯತ್ಯಾಸ ಕಂಡಿತ್ತು. ಕೇಳಿದ್ದನ್ನೇ ಕೇಳುವುದು, ಕನ್ನಡಕವನ್ನು ಅಕ್ಕಿ ಡಬ್ಬಿಯಲ್ಲಿ ಇಡುವುದು. ಸೊಸೆ ಜಯಶ್ರೀ ನನ್ನನ್ನು ಅಡಿಗೆಮನೆಗೆ ಕರೆದು ಹೇಳಿದಳು: "ಡಾಕ್ಟ್ರಿಗೆ ತೋರ್ಸ್ದ್ವಿ ಟೀಚ್ರೆ. ಇದ್ ಮರುವಿನ ಕಾಯಿಲಿ ಅಂಬ್ರ್. ಜಾಸ್ತಿ ಆತ್ತೇ ಹೊರತ್ ಕಮ್ಮಿ ಆತಿಲ್ಲೆ ಅಂಬ್ರ್." ಹೇಳುತ್ತ ಒಂದೆಲಗ ಅರೆಯುತ್ತಿದ್ದಳು. ಗದ್ದೆ ಬದಿಯಿಂದ ದಿನಾ ತಾನೇ ಕೊಯ್ದು ತರುತ್ತಿದ್ದಳು. ಅದರಿಂದ ಏನೂ ಆಗದು ಎಂದು ಅವಳಿಗೂ ಗೊತ್ತಿತ್ತು. ಕೈ ಸುಮ್ಮನಿರಬಾರದಲ್ಲ.

ಆದರೆ ಓದು ಶುರು ಮಾಡಿದರೆ ಲಲಿತಕ್ಕ ಮೊದಲಿನ ಲಲಿತಕ್ಕನೇ ಆಗುತ್ತಿದ್ದರು. ಕಣ್ಣು ಮುಚ್ಚಿ, ತಲೆಯನ್ನು ಒಂದು ಬದಿಗೆ ವಾಲಿಸಿ ಕೇಳುತ್ತಿದ್ದರು. ಹಿಂದಿನ ವಾರ ಓದಿದ್ದು ಅವರಿಗೆ ನೆನಪಿರುತ್ತಿತ್ತು. "ಶೀನನ ಕೆಮ್ಮ್ ಕಮ್ಮಿ ಆಯ್ತಾ?" ಎಂದು ಬಾಗಿಲಲ್ಲೇ ಕೇಳುತ್ತಿದ್ದರು. ನನಗೆ ಹಿಗ್ಗಾಗುತ್ತಿತ್ತು. ಒಂದು ಶನಿವಾರ ಊಟಕ್ಕೆ ಕೂತಾಗ ಅವರು ಜಯಶ್ರೀಗೆ, "ಶೀನನಿಗೆ ಒಂದ್ ಬಟ್ಲ್ ತೆಗ್ದಿಡ್. ಅವ ಹೊತ್ತ್ ಮೀರಿ ಬತ್ತ," ಎಂದರು. ಜಯಶ್ರೀ ನನ್ನ ಮುಖ ನೋಡಿದಳು. ನಾನು ಎಲೆ ನೋಡಿದೆ. ಅದೇ ಹೊತ್ತಿಗೆ ಅವರ ಮಗ ಅಂಗಡಿಯಿಂದ ಊಟಕ್ಕೆ ಬಂದ. ಬ್ರಹ್ಮಾವರದಲ್ಲೇ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಅವನದು. ಲಲಿತಕ್ಕ ಸೆರಗು ಸರಿಮಾಡಿಕೊಂಡು ಅವನಿಗೆ, "ಬನ್ನಿ, ಕೂಕಣಿ," ಎಂದರು, ಹೊರಗಿನವರಿಗೆ ಹೇಳುವ ಹಾಗೆ. ಅವನು ಕೈ ತೊಳೆಯಲು ಹೋದವನು ತುಂಬ ಹೊತ್ತು ನಲ್ಲಿಯ ಹತ್ತಿರವೇ ಇದ್ದ.

ಮುಂದಿನ ವಾರ ನಾನು ಹೋಗುವ ಮೊದಲೇ ಜಯಶ್ರೀಯ ಫೋನು ಬಂತು. ಲಲಿತಕ್ಕ ಬೆಳಿಗ್ಗೆ ಯಾರಿಗೂ ಹೇಳದೆ ಮನೆಯಿಂದ ಹೊರಟು, ಕೊಡೆಯೂ ಇಲ್ಲದೆ ಹೆದ್ದಾರಿಯ ಬದಿಯಲ್ಲಿ ನಿಂತಿದ್ದರಂತೆ. ಬಂದ ಬಂದ ಬಸ್ಸಿಗೆಲ್ಲ ಕೈ ತೋರಿಸಿ, "ಶೀನ ಇದ್ನಾ ಇದ್ರಗೆ?" ಎಂದು ಕೇಳುತ್ತಿದ್ದರಂತೆ. ಪರಿಚಯದ ರಿಕ್ಷಾದವರು ಕಂಡು ಮನೆಗೆ ಕರೆತಂದರು. ಜ್ವರ ಬಂದಿತ್ತು.

"ಟೀಚ್ರೆ, ನಾ ಒಂದ್ ಮಾತ್ ಹೇಳ್ರೆ ಬೇಜಾರ್ ಮಾಡ್ಕಂಬ್ಯಾಡಿ," ಎಂದಳು ಜಯಶ್ರೀ. "ಇನ್ನ್ ಓದುಕೆ ಬಪ್ಪುದ್ ಬ್ಯಾಡ. ಹೆತ್ತ ಮಗನ ಹೆಸ್ರ್ ನೆನಪಿಲ್ಲೆ ಅವ್ರಿಗೆ. ನಿಮ್ ಶೀನಯ್ಯನ ಲಾಡ್ಜಿನ ರೂಮ್ ನಂಬ್ರ್ ನೆನಪಿತ್ತ್. ನಮ್ಮ ಮನಿಯವ್ರಿಗೆ ಹ್ಯಾಂಗ್ ಆತ್ತ್, ನೀವೇ ಹೇಳಿ."

"ಆಯ್ತ್ ಜಯಶ್ರೀ, ಬತ್ತಿಲ್ಲೆ," ಎಂದೆ.

ಆಮೇಲಿನ ಶನಿವಾರಗಳು ಹೇಗೆ ಕಳೆದವೋ. ಶಾಲೆ ಅರ್ಧ ದಿನಕ್ಕೆ ಬಿಡುತ್ತಿತ್ತು. ನಾನು ಬೈಂದೂರಿನ ಕಡಲ ಬದಿಯ ತನಕ ನಡೆದು ಹೋಗುತ್ತಿದ್ದೆ. ಕಪ್ಪು ಬಂಡೆಗಳ ಮೇಲೆ ತೆರೆ ಒಡೆಯುತ್ತಿತ್ತು, ಅಲ್ಲಿ ಮತ್ತೊಂದು ಜೀವ ಇರುತ್ತಿರಲಿಲ್ಲ. ಮಾತಾಡಿಸಿದರೆ ಶೀನಯ್ಯ ಉತ್ತರ ಕೊಡುತ್ತಿರಲಿಲ್ಲ. ಮಧ್ಯಾಹ್ನ ಏನು ಉಂಡ ಎಂದು ಕೇಳಿದರೂ ಇಲ್ಲ. ಆಗಲೇ ನನಗೆ ಹೊಳೆದದ್ದು: ನಾನು ಅವನ ಜೊತೆ ಮಾತಾಡುತ್ತಿದ್ದೆ ಎಂದುಕೊಂಡದ್ದೆಲ್ಲ ಶನಿವಾರ ಲಲಿತಕ್ಕನಿಗೆ ಹೇಳಲೆಂದು ಕೂಡಿಡುತ್ತಿದ್ದ ಮಾತು. ಕೇಳುವ ಕಿವಿ ಇಲ್ಲವೆಂದ ಮೇಲೆ ಅವನಿಗೂ ಬಾಯಿಲ್ಲ. ಇನ್ನೂ ಒಂದು ಮಾತಿದೆ, ಹೇಳಲು ಮುಜುಗರ. ನನಗೆ ಹೊಟ್ಟೆಕಿಚ್ಚೂ ಆಗಿತ್ತು. ಲಲಿತಕ್ಕ ಕೊಡೆ ಇಲ್ಲದೆ ಮಳೆಗೆ ಇಳಿದದ್ದು ಅವನಿಗಾಗಿ. ನಾನು ಅಷ್ಟು ವಾರ ಬಾರದೆ ಹೋದರೂ, "ಸುಮತಿ ಎಲ್ಲಿ?" ಎಂದು ಅವರು ಒಮ್ಮೆಯಾದರೂ ಕೇಳಿದರೋ ಇಲ್ಲವೋ. ಜಯಶ್ರೀಯ ಹತ್ತಿರ ವಿಚಾರಿಸಲು ಧೈರ್ಯ ಬರಲಿಲ್ಲ.

ಹೀಗಿರುವಾಗ ಒಂದು ದಿನ ಮಳೆಗೆ ಶಾಲೆಗಳಿಗೆಲ್ಲ ರಜೆ ಸಾರಿದರು. ಬೆಳಿಗ್ಗೆ ಕೂತವಳು ಏಳಲಿಲ್ಲ. ಹೇಗೂ ಸಾಯಬೇಕಾದವನು, ಇನ್ನು ಕಾಯಿಸುವುದು ಯಾಕೆ ಎಂದು ಶೀನಯ್ಯನ ಸಾವನ್ನು ಬರೆದುಬಿಟ್ಟೆ. ಲಾಡ್ಜಿನ ಮಂಚ, ಒಗೆದು ಒಣಗದ ಪಂಚೆ, ಕಿಟಕಿಯಾಚೆ ಹೆಮ್ಮಾಡಿ ಬಸ್ಸಿನ ಹಾರ್ನು. ಎಲ್ಲ ಸರಾಗವಾಗಿ ಬಂತು. ಬರೆದು ಮುಗಿಸಿ ಪೆನ್ನಿನ ಮುಚ್ಚಳ ಹಾಕಿದೆ. ಆಮೇಲೆ ಅಳು ಬಂತು. ನಿಲ್ಲಿಸಲು ಆಗಲಿಲ್ಲ. ಮಹಡಿಯಲ್ಲಿ ಕೂರಲಾರದೆ ಕೆಳಗೆ ಇಳಿದೆ.

ಗುಲಾಬಕ್ಕ ನನ್ನ ಮುಖ ಕಂಡು ಗಾಬರಿಯಾದರು. "ಎಂತ ಆಯ್ತ್ ಟೀಚ್ರೆ? ಊರಂಗೆ ಯಾರಾರೂ ತೀರ್ಕಂಡ್ರಾ?"

"ಹೌದ್. ಗುರ್ತದವ್ರ್ ಒಬ್ರ್."

"ಅಯ್ಯೋ ದೇವ್ರೆ. ನಿಮ್ಗ್ ಎಂತ ಆಯ್ಕ್ ಅವ್ರ್?"

ಎಂತ ಆಯ್ಕ್? ಸಂಬಂಧದಲ್ಲಿ ಅವನು ನನಗೆ ಏನಾಗಬೇಕು? ಅಣ್ಣನಲ್ಲ, ಗಂಡನಲ್ಲ, ಮಗನಲ್ಲ. ಗುಲಾಬಕ್ಕ ಮತ್ತೆ ಕೇಳಲಿಲ್ಲ. ಚಾವಡಿಯಲ್ಲಿ ಕೂರಿಸಿ ಬಿಸಿ ಚಹಾ ಕೊಟ್ಟರು. ಅವರ ಗಂಡ ಬಲೆಯನ್ನು ಬದಿಗಿಟ್ಟು, ಸಾವಿನ ಮನೆಯಲ್ಲಿ ಕೂರುವ ಹಾಗೆ ನನ್ನ ಎದುರು ಸುಮ್ಮನೆ ಕೂತರು. ಕತೆಯ ಮನುಷ್ಯ ಎಂದು ಅವರಿಗೆ ಹೇಳುವುದು ಹೇಗೆ? ನಾನು ಚಹಾ ಕುಡಿದು ಮೇಲೆ ಹೋದೆ.

ಅದೇ ವಾರ ಜಯಶ್ರೀ ತಾನಾಗಿಯೇ ಫೋನು ಮಾಡಿದಳು. ಅವಳ ಸ್ವರ ಬಿದ್ದುಹೋಗಿತ್ತು. "ಅತ್ತೆ ಉಣ್ತಿಲ್ಲೆ ಟೀಚ್ರೆ. ಹೆಬ್ಬಾಗ್ಲಂಗೆ ಕೂಕಂಡ್ರೆ ಏಳ್ತಿಲ್ಲೆ. ಅವ ಬರ್ಲಿ, ಮತ್ತೆ ಉಣ್ತೆ ಅಂತ್ರ್. ನೀವೊಂದ್ಸಲ ಬಂದ್ ಎಂತಾರೂ ಹೇಳಿ ಕಾಂಬ."

ಶನಿವಾರ ಹೋದೆ. ಚೀಲದಲ್ಲಿ ಶೀನಯ್ಯನ ಸಾವು ಇತ್ತು. ಮರವಂತೆಯಲ್ಲಿ ಒಂದು ಬದಿ ಕಡಲು, ಒಂದು ಬದಿ ಹೊಳೆ, ಎರಡೂ ಒಂದೇ ಬಣ್ಣವಾಗಿದ್ದವು. ಅವನು ಸತ್ತ ಎಂದು ಹೇಳಿಬಿಡುವುದೇ ಸರಿ, ಅತ್ತು ಮುಗಿದರೆ ಕಾಯುವುದಾದರೂ ತಪ್ಪೀತು ಎಂದುಕೊಂಡೆ. ಕೋಟ ದಾಟುವಾಗ, ಛೆ, ಹಾಗೆ ಹೇಳಲಾರೆ ಎನಿಸಿತು. ಬ್ರಹ್ಮಾವರದಲ್ಲಿ ಇಳಿದಾಗಲೂ ಎರಡರಲ್ಲಿ ಒಂದು ತೀರ್ಮಾನವಾಗಿರಲಿಲ್ಲ.

ಲಲಿತಕ್ಕ ಹೆಬ್ಬಾಗಿಲ ಬದಿಯ ಕುರ್ಚಿಯಲ್ಲಿದ್ದರು. ತುಂಬ ಬಡವಾಗಿದ್ದರು. ತಲೆಯೆತ್ತಿ ನನ್ನನ್ನು ನೋಡಿದರು. ಅಷ್ಟು ವರ್ಷ ನನ್ನನ್ನು ಬಲ್ಲ ಆ ಕಣ್ಣಿನಲ್ಲಿ ಗುರುತು ಇರಲಿಲ್ಲ. ನಾನು ಚಪ್ಪಲಿ ಕಳಚಿ ಹತ್ತಿರ ಹೋದೆ. ಅವರು ಇನ್ನೂ ನೋಡುತ್ತಲೇ ಇದ್ದರು. ಮೆಲ್ಲಗೆ ಅವರ ಮುಖ ಬಿಗಿಯಿತು.

"ಪದ್ದು ಅಲ್ದಾ ನೀನ್?" ಎಂದರು. "ಶೀನನ ತಂಗಿ?"

ಜಯಶ್ರೀ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ನಾನು ಲಲಿತಕ್ಕನ ಎದುರು ಕೂತೆ. "ಹೌದ್ ಅಕ್ಕ," ಎಂದೆ.

"ನಿನ್ನನ್ನೇ ಕಾಂಬುಕೆ ಕಾಯ್ತಿದ್ದೆ. ಅವ ದಿನಾ ಬಸ್ ಸ್ಟ್ಯಾಂಡಿಗೆ ಬತ್ತ, ಕೂಕಂತ, ತಿರ್ಗಿ ಹೋತ. ನಿಂಗೆ ಗೊತ್ತಿತ್ತಾ ಇಲ್ಯಾ?"

"ಗೊತ್ತಿತ್ತ್."

"ಗೊತ್ತಿದ್ದೂ ಮನಿಯಂಗೆ ಕೂಕಂಡಿದ್ಯಲೆ! ಅವ ಬರ್ಲಿ, ಅವ ಬರ್ಲಿ ಅಂದ್ಕಂಡ್. ನಿಂಗೆ ಎರಡ್ ಕಾಲ್ ಇಲ್ಯಾ? ನೀ ಹೋಯಿ ಕರುಕೆ ಆತಿಲ್ಯಾ?"

ನನ್ನ ಬಾಯಲ್ಲಿ ಮಾತು ತಾನಾಗಿ ಬಂತು. ನಾನು ಯೋಚಿಸಿ ಆಡಿದ ಮಾತಲ್ಲ. "ಅಮ್ಮ ಸಾಯ್ತಾ ಅವ್ನ ಹೆಸ್ರೇ ಹೇಳ್ತಿತ್ತ್ ಅಕ್ಕ. ಅವ ಬರ್ಲಿಲ್ಲೆ."

"ಬರ್ಲಿಲ್ಲೆ. ತಪ್ಪೇ ಅದ್. ನಾ ಅಲ್ಲ ಅಂತಿಲ್ಲೆ." ಲಲಿತಕ್ಕ ಮುಂದಕ್ಕೆ ಬಾಗಿ ನನ್ನ ಮೊಣಕೈ ಹಿಡಿದರು. "ತಪ್ಪ್ ಮಾಡ್ದವ್ರಿಗೆ ಹಶಿವು ಆತಿಲ್ಯಾ ಹಂಗಾರೆ?"

ಅಷ್ಟೂ ತಿಂಗಳು ನಾನು ಕೇಳಿದ್ದು ಒಂದೇ ಪ್ರಶ್ನೆ: ಶೀನಯ್ಯ ಹೋಗುತ್ತಾನೋ ಇಲ್ಲವೋ. ಪದ್ದುವಿನ ಮನೆಯೊಳಗೆ ನಾನು ಒಮ್ಮೆಯೂ ಹೋಗಿರಲಿಲ್ಲ. ಅವಳು ನನಗೆ ಫೋನಿನ ಒಂದು ಸ್ವರ ಮಾತ್ರವಾಗಿದ್ದಳು. ಈಗ ಅವಳಾಗಿ ಬೈಸಿಕೊಳ್ಳುತ್ತ ಕೂತಾಗ, ತಾಯಿ ಮಲಗಿದ್ದ ಮಂಚದ ಹತ್ತಿರ ಕೊನೆಯ ತನಕ ಒಬ್ಬಳೇ ಕೂತಿದ್ದವಳ ಸಿಟ್ಟು ನನ್ನ ಎದೆಯಲ್ಲೇ ಇರುವುದು ಗೊತ್ತಾಯಿತು.

"ಹೋತೆ ಅಕ್ಕ," ಎಂದೆ. "ನಾನೇ ಹೋಯಿ ಕರಿತೆ. ನೀವ್ ಈಗ ಉಣ್ಣಿ."

"ಮಾತ್ ಕೊಟ್ಯಾ?"

"ಕೊಟ್ಟೆ."

ಜಯಶ್ರೀ ತಂಬುಳಿ ಅನ್ನ ಕಲಸಿ ತಂದಳು. ಲಲಿತಕ್ಕ ಮಕ್ಕಳ ಹಾಗೆ ಬಾಯಿ ತೆರೆದು ಉಂಡರು. ಜಯಶ್ರೀಯ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ನಾನು ಹೊರಟಾಗ ಗೇಟಿನ ತನಕ ಬಂದು, "ನಿಮ್ಮನ್ನೂ ಮರ್ತ್ರಲೆ ಟೀಚ್ರೆ," ಎಂದಳು. ಅವಳ ಮಾತಿನಲ್ಲಿ ಹಿಂದಿನ ಸಿಟ್ಟು ಇರಲಿಲ್ಲ.

ಬೈಂದೂರಿಗೆ ಬಂದವಳು ಸಾವಿನ ಪುಟಗಳನ್ನು ಹರಿದು ಗುಲಾಬಕ್ಕನ ಬಚ್ಚಲ ಒಲೆಗೆ ಹಾಕಿದೆ. ಮಾರನೆಯ ಬೆಳಿಗ್ಗೆ ಪದ್ದುವಿನ ಮನೆಯಿಂದ ಬರೆಯಲು ಶುರು ಮಾಡಿದೆ. ಶೀನಯ್ಯನ ಹಾಗಲ್ಲ ಅವಳು, ಕೇಳದೆಯೇ ಮಾತಾಡುವವಳು. ಕೊಡೆ ಹಿಡಿದು ಬಸ್ಸು ಹತ್ತಿದಳು, ಲಾಡ್ಜಿನ ಮೆಟ್ಟಿಲಲ್ಲಿ ನಿಂತು ಅಣ್ಣನಿಗೆ ಊರೆಲ್ಲ ಕೇಳುವ ಹಾಗೆ ಬೈದಳು. ಬೈದು ಮುಗಿದ ಮೇಲೆ ಇಬ್ಬರೂ ಹೋಟೆಲಿನಲ್ಲಿ ಎದುರುಬದುರು ಕೂತು ಉಂಡರು. ಅವನು ಅವಳ ಮನೆಗೆ ಹೋದನೇ ಎಂಬುದನ್ನು ನಾನು ಬರೆಯಲಿಲ್ಲ. ಉಂಡರು, ಅಲ್ಲಿಗೆ ನಿಲ್ಲಿಸಿದೆ. ಮುಂದಿನ ಶನಿವಾರ ಲಲಿತಕ್ಕನಿಗೆ ಹೇಳಿದೆ, "ಹೋಯಿ ಬಂದೆ ಅಕ್ಕ."

"ಉಂಡ್ನಾ ಅವ?"

"ಉಂಡ."

"ಒಳ್ಳೇದಾಯ್ತ್," ಎಂದರು. ಹೆಬ್ಬಾಗಿಲ ಕುರ್ಚಿಯಿಂದ ಎದ್ದು ಒಳಗೆ ಹೋಗಿ ಮಲಗಿದರು.

ಆಮೇಲೆ ಅವರು ಬಾಗಿಲಲ್ಲಿ ಕಾಯಲಿಲ್ಲ. ನವರಾತ್ರಿಯ ಹೊತ್ತಿಗೆ ಮಳೆ ಹಿಂದೆಗೆದಿತ್ತು. ಒಂದು ದಿನ ನಾನಾಗಿಯೇ ಶೀನಯ್ಯನ ಸುದ್ದಿ ತೆಗೆದೆ. ಲಲಿತಕ್ಕ ಬಹಳ ಮರ್ಯಾದೆಯಿಂದ, "ಯಾರ್ ಅವ್ರ್?" ಎಂದು ಕೇಳಿದರು. ನನ್ನ ಹೆಸರು ಮರೆತಾಗ ತಡೆದುಕೊಂಡಿದ್ದೆ. ಅವನನ್ನೂ ಮರೆತಾಗ ತಡೆಯಲಾಗಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತು ಬೈಂದೂರಿಗೆ ಬಂದೆ. ಅವನನ್ನು ಬಲ್ಲವರು ಈಗ ಲೋಕದಲ್ಲಿ ನಾನೊಬ್ಬಳೇ. ಪುಸ್ತಕ ಮುಗಿದಿದ್ದರಿಂದ ಅವನೂ ನನ್ನ ಹತ್ತಿರ ಬರುವುದನ್ನು ನಿಲ್ಲಿಸಿದ್ದ. ಮುಗಿದ ಮೇಲೆ ಯಾರೂ ಬರುವುದಿಲ್ಲ.

ಮರುವರ್ಷ ಲಲಿತಕ್ಕ ತೀರಿಕೊಂಡರು. ಕೆಲವು ತಿಂಗಳ ಮೇಲೆ ಕಾದಂಬರಿ ಅಚ್ಚಾಯಿತು. ಒಂದು ಪ್ರತಿ ಕೊಟ್ಟು ಬರೋಣವೆಂದು ಬ್ರಹ್ಮಾವರಕ್ಕೆ ಹೋದೆ. ಜಯಶ್ರೀ ಚಾವಡಿಯಲ್ಲಿ ಕೂತು ಅಲಸಂಡೆ ಮುರಿಯುತ್ತಿದ್ದಳು. ಪುಸ್ತಕವನ್ನು ತಿರುಗಿಸಿ ನೋಡಿ, "ಕಡಿಗೆ ಶೀನಯ್ಯ ಎಂತ ಆದ ಟೀಚ್ರೆ?" ಎಂದು ಕೇಳಿದಳು. "ಓದಿ ಹೇಳಿ ಕಾಂಬ. ನಂಗೆ ಕೈ ಬಿಡುವಿಲ್ಲೆ."

ಓದಿದೆ. ಲಲಿತಕ್ಕ ನನಗೆ ಆಡಿದ ಮಾತನ್ನೆಲ್ಲ ನಾನು ಕಾದಂಬರಿಯಲ್ಲಿ ಪದ್ದುವಿನ ನೆರೆಮನೆಯ ಮುದುಕಿಯ ಬಾಯಲ್ಲಿ ಇಟ್ಟಿದ್ದೆ. ತಪ್ಪು ಮಾಡಿದವರಿಗೆ ಹಸಿವಾಗುವುದಿಲ್ಲವೇ ಎಂದು ಆ ಮುದುಕಿ ಕೇಳುವಲ್ಲಿಗೆ ಬಂದಾಗ ಅಲಸಂಡೆ ಮುರಿಯುವ ಸದ್ದು ನಿಂತಿತು. ನಾನು ತಲೆಯೆತ್ತಿದೆ.

"ಅತ್ತೆ," ಎಂದಳು ಜಯಶ್ರೀ. ಪುಸ್ತಕದ ಕಡೆ ಬಾಗಿ, "ನಂಗೂ ಹೀಂಗೇ ಬೈತಿದ್ರ್," ಎಂದಳು. "ಅದೊಂದನ್ನ ಇನ್ನೊಂದ್ಸಲ ಓದಿ ಟೀಚ್ರೆ."

ಅವಳು ಕಣ್ಣು ಮುಚ್ಚಿಕೊಂಡಳು. ನಾನು ಆ ಮಾತನ್ನು ಮತ್ತೊಮ್ಮೆ, ಆದಷ್ಟು ನಿಧಾನವಾಗಿ ಓದಿದೆ.